ಡ್ರಿಪ್ ಕಾಫಿ ಮೇಕರ್ ಅರ್ಧ ನೀರಿಗೇ ನಿಂತು ಬರೀ ಹಬೆ ಬಿಡ್ತಾ ಇದೆ, ಎಂತ ಮಾಡೋದು?

ಕುಮಟಾದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮನೆಯಲ್ಲಿ ಒಂದು ಡ್ರಿಪ್ ಕಾಫಿ ಮೇಕರ್ ಉಂಟು, ಐದು ವರ್ಷದ ಹಿಂದೆ ಅಣ್ಣ ಮಸ್ಕತ್‌ನಿಂದ ತಂದದ್ದು. ಅಡಿಯಲ್ಲಿ 900 ವ್ಯಾಟ್, 220–240 ವೋಲ್ಟ್ ಅಂತ ಬರೆದಿದೆ. ಇಷ್ಟು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. 600 ಎಂ.ಎಲ್. ನೀರು ಹಾಕಿದರೆ ಏಳೆಂಟು ನಿಮಿಷದಲ್ಲಿ ಜಗ್ ತುಂಬ್ತಿತ್ತು.

ಈಗ ಒಂದು ತಿಂಗಳಿಂದ ಇಪ್ಪತ್ತು ನಿಮಿಷ ಕಳೆದರೂ ಅರ್ಧ ನೀರು ಟ್ಯಾಂಕಿನಲ್ಲೇ ಉಳೀತದೆ. ಬುಸ್ ಬುಸ್ ಅಂತ ಹಬೆ ಬರ್ತದೆ, ಮುಚ್ಚಳದ ಸಂದಿಯಿಂದ ನೀರು ಸಿಡೀತದೆ, ನಡುನಡುವೆ ಒಳಗಿಂದ ಟಿಕ್ ಅಂತ ಸದ್ದು. ಬಂದ ಅರ್ಧ ಕಾಫಿಯೂ ಕಹಿ. ರಿಪೇರಿಗೆ ಒಯ್ದರೆ, ಇದಕ್ಕೆ ಸ್ಪೇರ್ ಸಿಗೋದಿಲ್ಲ, ಹೊಸದು ತಗೊಳ್ಳಿ ಅಂದುಬಿಟ್ಟರು.

ಹೊಸದು ತಗೊಳ್ಳೋದು ದೊಡ್ಡ ಮಾತಲ್ಲ. ಆದರೆ ಇದು ಅಪ್ಪನ ಮಷಿನ್. ಅವರಿಗೆ ಎರಡು ವರ್ಷದಿಂದ ಕೈ ನಡುಗ್ತದೆ, ಒಲೆ ಮೇಲಿಂದ ಕುದಿಯುವ ಪಾತ್ರೆ ಇಳಿಸೋದು ಆಗೋದಿಲ್ಲ. ನಾಲ್ಕೂವರೆಗೆ ಎದ್ದು ತನ್ನ ಕಾಫಿ ತಾನೇ ಮಾಡಿಕೊಳ್ಳುವುದು ಅವರ ಜೀವಮಾನದ ರೂಢಿ. ರಾತ್ರಿ ನಾನು ನೀರು, ಪುಡಿ ಹಾಕಿ ಇಟ್ಟರೆ ಬೆಳಿಗ್ಗೆ ಅವರು ಸ್ವಿಚ್ ಒತ್ತಿದರಾಯ್ತು. ಆ ಸ್ವಿಚ್ಚಿನ ಮೇಲೆ ಅವರ ಕೈ ಸರಿಯಾಗಿ ಕೂತಿದೆ, ಕತ್ತಲಲ್ಲೂ ಗೊತ್ತಾಗ್ತದೆ. ಹಾಗಾಗಿ ಇದನ್ನೇ ಸರಿ ಮಾಡಬೇಕು ಅಂತ ನನ್ನ ಹಟ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಘಟ್ಟದ ಮೇಲಿನವ (ಶಿರಸಿ)

ಬಿಸಾಡಬೇಡಿ. ಈ ಮಷಿನ್ನಿನಲ್ಲಿ ಕೆಡುವಂಥದ್ದು ಬಹಳ ಕಡಿಮೆ. ಮೊದಲು ಒಳಗೆ ಏನಾಗ್ತದೆ ಹೇಳ್ತೇನೆ, ಆಮೇಲೆ ರೋಗ ತಾನಾಗೇ ಗೊತ್ತಾಗ್ತದೆ.

ಇದರಲ್ಲಿ ಪಂಪ್ ಅಂತ ಇಲ್ಲವೇ ಇಲ್ಲ. ಟ್ಯಾಂಕಿನ ತಳದಲ್ಲಿ ಒಂದು ತೂತು. ಅಲ್ಲಿಂದ ನೀರು ಸಣ್ಣ ವಾಲ್ವ್ ದಾಟಿ ಅಲ್ಯೂಮಿನಿಯಂ ಕೊಳವೆಗೆ ಇಳೀತದೆ. ಆ ಕೊಳವೆ ಕುದುರೆ ಲಾಳದ ಹಾಗೆ ಬಗ್ಗಿರ್ತದೆ, ಅದಕ್ಕೆ ಅಂಟಿಕೊಂಡೇ ಹೀಟರ್ ಇರ್ತದೆ. ಜಗ್ ಇಡುವ ತಟ್ಟೆ ಬಿಸಿಯಾಗೋದೂ ಅದೇ ಹೀಟರಿನಿಂದ. ಕೊಳವೆಯಲ್ಲಿ ನೀರು ಕುದಿದಾಗ ಹಬೆಯ ಗುಳ್ಳೆ ಏಳ್ತದೆ. ವಾಲ್ವ್ ಹಿಂದಕ್ಕೆ ಬಿಡೋದಿಲ್ಲ, ಹಾಗಾಗಿ ಗುಳ್ಳೆ ತನ್ನ ಮುಂದಿನ ನೀರನ್ನು ಮೇಲಕ್ಕೆ ತಳ್ತದೆ. ಅದು ಶವರಿನಿಂದ ಪುಡಿ ಮೇಲೆ ಬೀಳ್ತದೆ. ಗುಳುಗುಳು ಸದ್ದು ಅದೇ.

ಈಗ ಕೊಳವೆ ಒಳಗೆ ಸುಣ್ಣ ಕಟ್ಟಿದೆ ಅಂತ ಇಟ್ಟುಕೊಳ್ಳಿ. ದಾರಿ ಕಿರಿದಾಯ್ತು. ಜೊತೆಗೆ ಹೀಟರಿನ ಶಾಖ ಸುಣ್ಣದ ಪೊರೆ ದಾಟಿ ನೀರಿಗೆ ಬೇಗ ತಲುಪೋದಿಲ್ಲ, ಲೋಹ ಮಾತ್ರ ಕಾಯ್ತದೆ. ಆಗ ಥರ್ಮೋಸ್ಟಾಟ್ ಟಿಕ್ ಅಂತ ಕರೆಂಟ್ ಕಡಿದು, ತಣಿದ ಮೇಲೆ ಮತ್ತೆ ಕೊಡ್ತದೆ. ನಿಮ್ಮ ಟಿಕ್ ಸದ್ದು ಅದು. ಪುಡಿ ಬಹಳ ಹೊತ್ತು ನೆನೆಯೋದರಿಂದ ಕಹಿ. ಎಲ್ಲ ಒಂದಕ್ಕೊಂದು ಹೊಂದ್ತದೆ.

ಒಂದು ಪ್ರಶ್ನೆ: ಯಾವ ನೀರು ಹಾಕ್ತೀರಿ?

ಕುಮಟಾದ ಮಗಳು

ಎಷ್ಟು ಚಂದ ಬಿಡಿಸಿ ಹೇಳಿದಿರಿ ಅಣ್ಣಾ. ನೀರು ನಮ್ಮ ಬಾವಿಯದ್ದೇ, ಅಜ್ಜನ ಕಾಲದ ಬಾವಿ. ಬಚ್ಚಲ ಹಂಡೆ ಮೂವತ್ತು ವರ್ಷ ಹಳತು, ಅದರಲ್ಲಿ ಬಿಳಿ ಕರೆ ನಾನು ನೋಡಿಯೇ ಇಲ್ಲ. ಅದಕ್ಕೇ ಸುಣ್ಣ ಅಂದರೆ ನಂಬಿಕೆ ಬರ್ತಿಲ್ಲ.

ಹೊನ್ನಾವರ ಮಾಸ್ತರ

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಕುಮಟೆಯ ತಂಗಿಯ ಸಂಶಯ ನ್ಯಾಯವಾದದ್ದೇ. ನಮ್ಮ ಕರಾವಳಿಯ ಚಿರೆಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಕೆಲವು ಕಡೆ ಕಬ್ಬಿಣದ ಅಂಶ ಇದ್ದು ಕೆಂಪು ಕರೆ ಕೂಡ್ತದೆ. ಬಿಳಿ ಸುಣ್ಣ ಅಪರೂಪ. ನಿಮ್ಮ ಟ್ಯಾಂಕಿನ ಒಳಗೆ ಕರೆ ಇದೆಯಾ, ಇದ್ದರೆ ಬಣ್ಣ ಯಾವುದು, ನೋಡಿ ಹೇಳಿ.

ಕುಮಟಾದ ಮಗಳು

ಟಾರ್ಚ್ ಬಿಟ್ಟು ನೋಡಿದೆ ಮಾಸ್ತರೆ. ನೀರು ನಿಲ್ಲುವ ಮಟ್ಟದಲ್ಲಿ ಬಿಳಿ ಉಂಗುರ. ಉಗುರಿನಿಂದ ಕೆರೆದರೆ ಹಿಟ್ಟಿನ ಹಾಗೆ ಬರ್ತದೆ.

ಅಂಕೋಲೆ ಅಕ್ಕ

ತಂಗಿ, ನಾನು ಮಷಿನ್ ಗೊತ್ತಿದ್ದವಳಲ್ಲ. ಒಂದು ಕೇಳ್ತೇನೆ. ನಿಮ್ಮನೆಯಲ್ಲಿ ಇತ್ತೀಚೆಗೆ ತೊಗರಿಬೇಳೆ ಸರಿಯಾಗಿ ಬೇಯ್ತದಾ?

ಕುಮಟಾದ ಮಗಳು

ಅಕ್ಕಾ! ಇಲ್ಲ! ಮೂರು ಸೀಟಿಗೆ ಬೇಯುವ ಬೇಳೆ ಆರಕ್ಕೂ ಗಟ್ಟಿ. ಅಂಗಡಿಯವರು ಹಳೇ ಬೇಳೆ ಕೊಟ್ಟಿದ್ದಾರೆ ಅಂತ ಜಗಳ ಮಾಡಿ ಬಂದಿದ್ದೆ.

ಈಗ ನೆನಪಾಯ್ತು. ಫೆಬ್ರುವರಿಯಲ್ಲಿ ಬಾವಿ ಕೆಳಗೆ ಹೋಗಿ ಪಂಪ್ ಗಾಳಿ ಎಳೆಯೋಕೆ ಶುರು ಮಾಡಿತು. ಆಗ ತಮ್ಮ ಬೋರ್‌ವೆಲ್ ಪೈಪನ್ನು ಮೇಲಿನ ಟ್ಯಾಂಕಿಗೆ ಜೋಡಿಸಿದ. ತೋಟಕ್ಕೆ ಅಂತ ಹೊಡೆಸಿದ ಬೋರ್ ಅದು. ಅಡುಗೆಮನೆ ನಲ್ಲಿಗೂ ಅದೇ ನೀರು ಬರ್ತಿದೆ ಅಂತ ನನ್ನ ತಲೆಗೇ ಹೋಗಿರಲಿಲ್ಲ.

ಹೊನ್ನಾವರ ಮಾಸ್ತರ

ಅಕ್ಕನ ಪರೀಕ್ಷೆ ನನ್ನ ಪ್ರಯೋಗಶಾಲೆಗಿಂತ ಚುರುಕು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ (ಕಾಳನ್ನು ಹಿಡಿದಿಡುವ ಅಂಟು) ಜೊತೆ ಸೇರಿ ಅದನ್ನು ಬಿಗಿಯಾಗಿಸ್ತದೆ, ಅದಕ್ಕೇ ಬೇಳೆ ಕರಗೋದಿಲ್ಲ. ಸಾಬೂನು ನೊರೆ ಬಾರದೆ ಇರುವುದಕ್ಕೂ ಅದೇ ಕ್ಯಾಲ್ಸಿಯಂ ಕಾರಣ.

ಮಷಿನ್ನಿನಲ್ಲಿ ಆಗೋದು ಏನೆಂದರೆ, ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹಿಡಿದುಕೊಂಡು ತುಸು ಹುಳಿಯಾಗ್ತದೆ. ಹಾಗೆ ಹುಳಿಯಾದ ನೀರು ಬಂಡೆಯ ಸುಣ್ಣವನ್ನು ಬೈಕಾರ್ಬೋನೇಟ್ ಆಗಿ ಕರಗಿಸಿಕೊಳ್ತದೆ. ಅದೇ ನೀರನ್ನು ಕಾಯಿಸಿದರೆ ಅನಿಲ ಹಾರಿಹೋಗಿ ಸುಣ್ಣ ಮತ್ತೆ ಕಲ್ಲಾಗಿ ಕೂರ್ತದೆ. ನೀವು ಯಾಣ ನೋಡಿದವರೇ. ಕಪ್ಪಾಗಿ ಕಂಡರೂ ಅದು ಸುಣ್ಣದಕಲ್ಲು, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ದಾಂಡೇಲಿ ಕಡೆಯ ಕವಳೆ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ಲಿಂಗ ಬೆಳೆದದ್ದೂ ಇದೇ ರಸಾಯನದಿಂದ. ಗುಹೆಯಲ್ಲಿ ಅನಿಲ ತಾನಾಗಿ ನಿಧಾನಕ್ಕೆ ಬಿಟ್ಟುಹೋಗ್ತದೆ, ಅದಕ್ಕೆ ಸಾವಿರಾರು ವರ್ಷ ಬೇಕು. ನಿಮ್ಮ ಹೀಟರ್ ಅದನ್ನು ಏಳು ನಿಮಿಷದಲ್ಲಿ ಓಡಿಸ್ತದೆ.

ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ನಿಮ್ಮ ಬೋರ್ ನೀರಿನಲ್ಲಿ 300 ಇದೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ 600 ಎಂ.ಎಲ್. ಅಂದರೆ ಮೂರು ತಿಂಗಳಿಗೆ ಮೂವತ್ತು ಗ್ರಾಂ ದಾಟ್ತದೆ. ಅದರಲ್ಲಿ ಹತ್ತರಲ್ಲೊಂದು ಪಾಲು ಅಂಟಿದರೂ ಮೂರು ಗ್ರಾಂ ಕಲ್ಲು, ಒಂದು ಪೆನ್ಸಿಲ್ ತೂರುವಷ್ಟು ಅಗಲದ ಕೊಳವೆಯಲ್ಲಿ.

ಆ ಬಿಳಿ ಹಿಟ್ಟಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣವೇ. ಅಘನಾಶಿನಿಯ ಬಳಚಿನ ಚಿಪ್ಪಿಗೆ ಬಿಟ್ಟರೂ ಹಾಗೇ ಗುಳ್ಳೆ ಏಳ್ತದೆ, ಎರಡೂ ಒಂದೇ ವಸ್ತು.

ಕುಮಟಾದ ಮಗಳು

ಬಿಟ್ಟೆ. ಸುರ್ ಅಂತ ನೊರೆ ಬಂತು.

ಘಟ್ಟದ ಮೇಲಿನವ (ಶಿರಸಿ)

ಹಾಗಾದರೆ ದಾರಿ ಸುಲಭ. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಕೇಳಿ, ನಿಂಬೆ ಉಪ್ಪು ಅಂದರೂ ಕೊಡ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ. ಹರಳು ಪೂರ್ತಿ ಕರಗಬೇಕು. ಜಾಸ್ತಿ ಹಾಕಿದರೆ ಬೇಗ ಆಗ್ತದೆ ಅಂತ ತಿಳೀಬೇಡಿ. ದಟ್ಟ ದ್ರಾವಣ ಕಾದಾಗ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಬೇರೊಂದು ಬಿಳಿ ಗಷ್ಟು ಕೂಡ್ತದೆ, ಅದನ್ನು ತೆಗೆಯೋದು ಇನ್ನೂ ಕಷ್ಟ.

ಬುಟ್ಟಿಯಲ್ಲಿ ಪುಡಿ, ಪೇಪರ್ ಏನೂ ಬೇಡ, ಖಾಲಿ ಬುಟ್ಟಿ ಇರಲಿ. ದ್ರಾವಣ ಹಾಕಿ ಸ್ವಿಚ್ ಒತ್ತಿ. ಕಾಲು ಭಾಗ ಜಗ್ಗಿಗೆ ಬಂದ ಕೂಡಲೇ ಆಫ್ ಮಾಡಿ. ಅರ್ಧ ಗಂಟೆ ಹಾಗೇ ಬಿಡಿ, ಕೊಳವೆಯೊಳಗೆ ಬಿಸಿ ಹುಳಿ ನಿಂತು ಕೆಲಸ ಮಾಡಬೇಕಾದ್ದು ಆಗಲೇ. ಆಮೇಲೆ ಉಳಿದದ್ದನ್ನು ಓಡಿಸಿ. ಬಂದ ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಸಲ ಹಾಕಿ. ಕೊನೆಗೆ ಬರೀ ನೀರು ಮೂರು ಸಲ.

ರಾತ್ರಿಯಿಡೀ ಮಾತ್ರ ಬಿಡಬೇಡಿ, ಕೊಳವೆ ಅಲ್ಯೂಮಿನಿಯಂ, ಹುಳಿ ಅದನ್ನೂ ತಿನ್ನುತ್ತದೆ. ಬ್ಲೀಚ್ ಹತ್ತಿರವೂ ತರಬೇಡಿ, ಹುಳಿ ಜೊತೆ ಸೇರಿದರೆ ವಿಷದ ಕ್ಲೋರಿನ್ ಗಾಳಿ.

ಕೋಡಿಬಾಗ (ಕಾರವಾರ)

ನಾನು ವಿನೆಗರ್ ಹಾಕ್ತಿದ್ದೆ, ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು. ಕೆಲಸ ಆಗ್ತದೆ, ಆದರೆ ನಾಲ್ಕು ದಿನ ಕಾಫಿಗೆ ಉಪ್ಪಿನಕಾಯಿ ವಾಸನೆ. ಸಿಟ್ರಿಕ್ ಒಳ್ಳೇದು, ಕಬ್ಬಿಣದ ಕೆಂಪು ಕರೆಯನ್ನೂ ಅದು ಚೆನ್ನಾಗಿ ಬಿಡಿಸ್ತದೆ.

ನಮ್ಮ ಕಡೆಯವರಿಗೆ ಒಂದು ಮಾತು. ಕಾಳಿ ಹೊಳೆಯ ಅಳಿವೆಗೆ ಹತ್ತಿರದ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗ್ತವೆ. ಉಪ್ಪು ಸುಣ್ಣದ ಹಾಗೆ ಕಟ್ಟೋದಿಲ್ಲ, ಆದರೆ ಅಲ್ಯೂಮಿನಿಯಮ್ಮಿಗೆ ಚುಕ್ಕಿ ಚುಕ್ಕಿ ತೂತು ಬೀಳಿಸ್ತದೆ. ನನ್ನ ಮೊದಲನೇ ಮಷಿನ್ ಹಾಗೇ ಅಡಿಯಿಂದ ಸೋರಿ ಹೋಯ್ತು. ಅದಕ್ಕೆ ಯಾವ ಹುಳಿಯೂ ಮದ್ದಲ್ಲ, ನೀರನ್ನೇ ಬದಲಿಸಬೇಕು.

ಅಂಕೋಲೆ ಅಕ್ಕ

ನಮ್ಮ ಹಿತ್ತಲಲ್ಲಿ ಬಿಂಬಲಿ ಮರ ತುಂಬ ಕಾಯಿ ಬಿಟ್ಟಿದೆ. ಹಿತ್ತಾಳೆ ಪಾತ್ರೆ ಅದರಲ್ಲೇ ತಿಕ್ಕಿ ಥಳಥಳ ಮಾಡ್ತೇವೆ. ಮುರುಗಲು ಸಿಪ್ಪೆ, ಹುಣಸೆಹುಳಿಯೂ ಉಂಟು. ಪೇಟೆಯಿಂದ ಹುಡಿ ತರೋದು ಯಾಕೆ, ಇವನ್ನೇ ಹಾಕಬಹುದಲ್ಲ ಮಾಸ್ತರೆ?

ಹೊನ್ನಾವರ ಮಾಸ್ತರ

ಹೊರಗೆ ತಿಕ್ಕುವುದಕ್ಕೆ ಅವಕ್ಕಿಂತ ಒಳ್ಳೆಯದಿಲ್ಲ, ಒಳಗೆ ಮಾತ್ರ ಬೇಡ. ಬಿಂಬಲಿಯ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಅದು ಕ್ಯಾಲ್ಸಿಯಂ ಜೊತೆ ಸೇರಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗ್ತದೆ, ಅದು ನೀರಿನಲ್ಲಿ ಕರಗೋದೇ ಇಲ್ಲ. ಒಂದು ಕಲ್ಲು ತೆಗೆಯಲು ಹೋಗಿ ಇನ್ನೊಂದು ಕಲ್ಲು ಕಟ್ಟಿದ ಹಾಗೆ. ಹುಣಸೆಯ ಟಾರ್ಟಾರಿಕ್ ಆಮ್ಲವೂ ಇದೇ ಜಾತಿ. ಮುರುಗಲಿನಲ್ಲಿ ಬಣ್ಣ, ತಿರುಳು, ಸಕ್ಕರೆ. ಕೊಳವೆಯಲ್ಲಿ ಕುದಿದರೆ ಅಂಟಾಗಿ ಹಿಡಿದುಕೊಳ್ತದೆ. ಮುರುಗಲು ಶರಬತ್ತಿಗೇ ಇರಲಿ.

ಕುಮಟಾದ ಮಗಳು

ನಿನ್ನೆ ಮಧ್ಯಾಹ್ನ ಮಾಡಿದೆ. ಮೊದಲ ಸಲ ಬಂದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಅಡಿಯಲ್ಲಿ ರವೆಯಷ್ಟು ದಪ್ಪದ ಚೂರು. ಎರಡನೇ ಸಲ ಸರಸರ ಹರಿಯಿತು. ಸಂಜೆ ಕಾಫಿ ಎಂಟು ನಿಮಿಷದಲ್ಲಿ ಆಯ್ತು. ಅಪ್ಪ ಎರಡು ಲೋಟ ಕುಡಿದರು.

ಇವತ್ತು ಬೆಳಿಗ್ಗೆ ನಾಲ್ಕೂವರೆಗೆ ಅಪ್ಪ ನನ್ನ ಕೋಣೆ ಬಾಗಿಲ ಹತ್ತಿರ ಬಂದು ನಿಂತಿದ್ದರು. ನೀರು ಬರ್ತಾನೇ ಇಲ್ಲ. ಒಂದು ಹನಿಯೂ ಇಲ್ಲ. ದೀಪ ಉರೀತದೆ, ತಟ್ಟೆ ಬಿಸಿ ಆಗ್ತದೆ, ಟ್ಯಾಂಕಿನಲ್ಲಿ ಗುಳ್ಳೆ ಮಾತ್ರ ಏಳ್ತದೆ. ನಾನೇ ಪೂರ್ತಿ ಹಾಳು ಮಾಡಿದೆನಾ ಅಂತ ಬೆಳಗಿನಿಂದ ಹೊಟ್ಟೆಯಲ್ಲಿ ಸಂಕಟ.

ಘಟ್ಟದ ಮೇಲಿನವ (ಶಿರಸಿ)

ಹಾಳಾಗಿಲ್ಲ. ತಟ್ಟೆ ಬಿಸಿಯಾಗ್ತದೆ ಅಂದರೆ ಹೀಟರ್, ಥರ್ಮಲ್ ಫ್ಯೂಸ್ (ಮಿತಿಮೀರಿ ಕಾದರೆ ಕರೆಂಟ್ ಕಡಿಯುವಂಥದ್ದು) ಎರಡೂ ಜೀವಂತ. ಟ್ಯಾಂಕಿನಲ್ಲಿ ಗುಳ್ಳೆ ಅನ್ನೋದೇ ಸುಳಿವು. ಹಬೆ ಮೇಲಕ್ಕೆ ಹೋಗದೆ ಹಿಂದಕ್ಕೆ ಟ್ಯಾಂಕಿಗೆ ನುಗ್ತಾ ಇದೆ, ಅಂದರೆ ವಾಲ್ವ್ ಮುಚ್ಚಿಕೊಳ್ತಾ ಇಲ್ಲ. ನಿನ್ನೆ ಸಡಿಲಾದ ಚೂರೊಂದು ಅದರ ಬಾಯಲ್ಲಿ ಸಿಕ್ಕಿದೆ. ಹುಳಿ ಹಾಕಿದ ಮಾರನೇ ದಿನ ಇದು ಆಗುವಂಥದ್ದೇ. ಮೊದಲೇ ನಿಮಗೆ ಎಚ್ಚರಿಸಬೇಕಿತ್ತು, ನನ್ನ ತಪ್ಪು.

ಮೊದಲು ಬಿಚ್ಚದೆ ನೋಡಿ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ನೀರು ಚೆಲ್ಲಿ ಮಷಿನ್ ತಲೆಕೆಳಗೆ ಮಾಡಿ ಅಂಗೈಯಿಂದ ತಟ್ಟಿ. ಶವರಿನ ತೂತಿಗೆ ಸ್ಟ್ರಾ ಇಟ್ಟು ಊದಿ. ಅದಕ್ಕೂ ಜಗ್ಗದಿದ್ದರೆ ಅಡಿ ಮುಚ್ಚಳ ಬಿಚ್ಚಬೇಕು. ಸ್ಕ್ರೂ ತೆಗೆಯುವ ಮೊದಲು ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಎರಡು ಬಿಳಿ ಸಿಲಿಕೋನ್ ಪೈಪು ಕಾಣ್ತದೆ. ಟ್ಯಾಂಕಿನಿಂದ ಬರುವ ಪೈಪಿನೊಳಗೆ ಕೈಯಿಂದ ಒತ್ತಿ ನೋಡಿದರೆ ಗಟ್ಟಿ ಗಂಟು ಸಿಗ್ತದೆ, ಅದೇ ವಾಲ್ವ್. ವಯರ್ ಮುಟ್ಟುವ ಅಗತ್ಯವೇ ಇಲ್ಲ. ವಯರ್ ಮೇಲೆ ಬಿಳಿ ತೋಳು ಹಾಕಿದ ಫ್ಯೂಸ್ ಇರ್ತದೆ, ಅದನ್ನು ಯಾರು ಹೇಳಿದರೂ ನೇರ ಜೋಡಿಸಬೇಡಿ. ಥರ್ಮೋಸ್ಟಾಟ್ ಕೈಕೊಟ್ಟು ಹೀಟರ್ ಮಿತಿಮೀರಿ ಕಾದರೆ ಮನೆಗೆ ಬೆಂಕಿ ಬೀಳದಂತೆ ತಡೆಯೋದು ಅದೇ.

ಕೋಡಿಬಾಗ (ಕಾರವಾರ)

ಫ್ಯೂಸ್ ಮಾತು ಬಂತಲ್ಲ, ಅಮೆರಿಕದಿಂದ ಮಷಿನ್ ತರಿಸುವವರು ನೋಡಿಕೊಳ್ಳಿ. ಅಲ್ಲಿಯದು 120 ವೋಲ್ಟ್. ನಮ್ಮ 230ಕ್ಕೆ ಚುಚ್ಚಿದರೆ 900 ವ್ಯಾಟಿನ ಹೀಟರ್ 3,300 ವ್ಯಾಟ್ ಎಳೀತದೆ, ಕ್ಷಣದಲ್ಲಿ ಮುಗೀತದೆ. ಮಸ್ಕತ್ತಿನದ್ದಾದರೆ ವೋಲ್ಟೇಜ್ ತೊಂದರೆ ಇಲ್ಲ. ಚಪ್ಪಟೆ ಮೂರು ಪಿನ್ನಿನ ಪ್ಲಗ್ ಇರ್ತದೆ. ಅದಕ್ಕೆ ಹಾಕುವ ಅಡಾಪ್ಟರ್ ಸಡಿಲಾಗಿ ಬಿಸಿಯಾಗ್ತಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ಲಗ್ಗನ್ನೇ ಬದಲಿಸಿಬಿಡಿ.

ಕುಮಟಾದ ಮಗಳು

ತಟ್ಟಿದೆ, ಊದಿದೆ, ಆಗಲಿಲ್ಲ. ತಮ್ಮನನ್ನು ಕೂರಿಸಿಕೊಂಡು ಬಿಚ್ಚಿದೆವು. ನಾಲ್ಕು ಸ್ಕ್ರೂ. ಒಳಗೆ ಒಂದು ಒಣಗಿದ ಜಿರಳೆ, ಎರಡು ಮೊಟ್ಟೆಚೀಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಸೇರಿಕೊಂಡಿರಬೇಕು. ಬ್ರಷ್‌ನಿಂದ ತೆಗೆದೆ.

ಪೈಪಿನ ಕ್ಲಿಪ್ ಇಕ್ಕಳದಿಂದ ಸರಿಸಿ ಎಳೆದಾಗ ವಾಲ್ವ್ ಅಂಗೈಗೆ ಬಿತ್ತು. ಹುಣಸೆಬೀಜಕ್ಕಿಂತ ತುಸು ದೊಡ್ಡದು. ಒಳಗೆ ಒಂದು ಪುಟ್ಟ ಗುಂಡು. ಬೆಳಕಿಗೆ ಹಿಡಿದು ನೋಡಿದರೆ ಗುಂಡಿನ ಕೆಳಗೆ ಜೀರಿಗೆ ಕಾಳಿನಷ್ಟು ಉದ್ದದ ಒಂದು ಚಕ್ಕೆ ಅಡ್ಡ ಕೂತಿದೆ. ಒಂದು ಬದಿ ನುಣುಪು, ಕೊಳವೆಯ ಬಾಗು ಹಾಗೇ ಅಚ್ಚೊತ್ತಿದೆ. ಇನ್ನೊಂದು ಬದಿ ಉರುಟು. ಅದನ್ನು ಲಿಂಬೆರಸದ ಬಟ್ಟಲಿಗೆ ಹಾಕಿದೆ, ಕಾಲು ಗಂಟೆ ಗುಳ್ಳೆ ಬಿಡುತ್ತಾ ಕರಗಿಹೋಯ್ತು. ಅಪ್ಪ ಕನ್ನಡಕ ಹಾಕಿಕೊಂಡು ಬಟ್ಟಲಿನ ಮೇಲೆ ಬಗ್ಗಿ ಕೊನೇವರೆಗೂ ನೋಡಿದರು.

ವಾಲ್ವನ್ನು ಅಲ್ಲಾಡಿಸಿದರೆ ಈಗ ಕಟಕಟ ಅನ್ನುತ್ತದೆ. ಒಂದು ಬದಿಯಿಂದ ಊದಿದರೆ ಗಾಳಿ ಹೋಗ್ತದೆ, ಇನ್ನೊಂದು ಬದಿಯಿಂದ ಹೋಗೋದಿಲ್ಲ. ಬಂದ ದಿಕ್ಕಿನಲ್ಲೇ ಕೂರಿಸಿದೆವು. ಏಳೂವರೆ ನಿಮಿಷ!

ಘಟ್ಟದ ಮೇಲಿನವ (ಶಿರಸಿ)

ಓದಿ ನನಗೇ ಕಣ್ಣು ತುಂಬಿತು. ಇನ್ನೊಂದು ಸಲ ಸಿಟ್ರಿಕ್ ಓಡಿಸಿ, ಈ ಸಲ 15 ಗ್ರಾಂ ಸಾಕು. ಶವರಿನ ತೂತುಗಳನ್ನು ಸೂಜಿಯಿಂದ ಬಿಡಿಸಿ. ಬುಟ್ಟಿಯ ಅಡಿಯಲ್ಲಿ, ಜಗ್ ಎಳೆದಾಗ ತೊಟ್ಟಿಕ್ಕೋದನ್ನು ನಿಲ್ಲಿಸುವ ಸ್ಪ್ರಿಂಗ್ ಗುಂಡಿ ಇರ್ತದೆ. ಅದರ ಸುತ್ತ ಗಷ್ಟು ಕೂತರೆ ಬುಟ್ಟಿ ತುಂಬಿ ಉಕ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ.

ಪುಡಿ ಯಾವುದು? ನಮ್ಮ ಫಿಲ್ಟರ್ ಪುಡಿ ನುಣುಪು, ಚಿಕೋರಿಯೂ ಸೇರಿರ್ತದೆ. ಹಿತ್ತಾಳೆ ಫಿಲ್ಟರಿಗೆ ಅದೇ ಸರಿ, ಅಲ್ಲಿ ಡಿಕಾಕ್ಷನ್ ರಾತ್ರಿಯಿಡೀ ಇಳಿದರೂ ನಡೀತದೆ. ಈ ಮಷಿನ್ನಿನಲ್ಲಿ ಅದು ಜಾಲರಿ ಕಟ್ಟಿಸ್ತದೆ. ಸಣ್ಣ ರವೆಯ ಹಾಗೆ ಬೀಸಿಸಿ, ಚಿಕೋರಿ ಬೇಡ. 600 ಎಂ.ಎಲ್. ನೀರಿಗೆ 35 ಗ್ರಾಂ ಆಸುಪಾಸು.

ಕುಮಟಾದ ಮಗಳು

ಅಪ್ಪನಿಗೆ ಚಿಕೋರಿ ಇಲ್ಲದಿದ್ದರೆ ಕಾಫಿ ಅನ್ನಿಸೋದೇ ಇಲ್ಲ ಅಣ್ಣಾ. ಹತ್ತು ಪರ್ಸೆಂಟ್ ಹಾಕಿಸಿ, ದಪ್ಪ ಬೀಸಿಸ್ತೇನೆ. ಗಾಜಿನ ಜಗ್ ಒಳಗೆ ಕಂದು ಬಣ್ಣ ಕೂತಿದೆ, ಸೋಪಿಗೆ ಹೋಗೋದಿಲ್ಲ, ಅದಕ್ಕೆ ಎಂತ ಮಾಡೋದು?

ಅಂಕೋಲೆ ಅಕ್ಕ

ಅದು ಕಾಫಿಯ ಎಣ್ಣೆ ಜಿಡ್ಡು ತಂಗಿ. ಜಗ್ ಪೂರ್ತಿ ಆರಲಿ, ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಸೀಳ್ತದೆ. ಒಂದು ಮುಷ್ಟಿ ಸಾಣಿಕಟ್ಟೆಯ ದಪ್ಪ ಉಪ್ಪು, ಎರಡು ಚಮಚ ನೀರು ಹಾಕಿ ಗಿರಗಿರ ತಿರುಗಿಸು. ಉಪ್ಪು ಗಾಜಿಗಿಂತ ಮೆದು, ಗೀರು ಬೀಳೋದಿಲ್ಲ. ಹಟಮಾರಿ ಕರೆಗೆ ಬೆಚ್ಚಗಿನ ನೀರಲ್ಲಿ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸು. ಸೋಡಾ ಮತ್ತು ಹುಳಿ ಒಟ್ಟಿಗೆ ಹಾಕಬೇಡ, ಬರೀ ನೊರೆ ಬಂದು ಎರಡರ ಶಕ್ತಿಯೂ ಹೋಗ್ತದೆ.

ಕೋಡಿಬಾಗ (ಕಾರವಾರ)

ಮಳೆಗಾಲ ಬರ್ತಿದೆ, ಟ್ಯಾಂಕಿನ ಮುಚ್ಚಳ, ಬುಟ್ಟಿ ಬಾಗಿಲು ಎರಡೂ ತೆರೆದಿಡಿ. ನಮ್ಮ ತೇವಕ್ಕೆ ಹಸಿ ಪುಡಿ ಎರಡೇ ದಿನಕ್ಕೆ ಬೂಸ್ಟು ಹಿಡೀತದೆ. ಕಾಫಿ ಆದ ಮೇಲೆ ಬಿಸಿ ತಟ್ಟೆಯಲ್ಲಿ ಬಿಡದೆ ಥರ್ಮಾಸಿಗೆ ಹಾಕಿ, ಕಹಿ ಅರ್ಧ ಕಡಿಮೆ ಆಗ್ತದೆ.

ಹೊನ್ನಾವರ ಮಾಸ್ತರ

ಬೋರ್ ನೀರೇ ಬಳಸಬೇಕಾದರೆ ಒಂದು ಸಲ ಚೆನ್ನಾಗಿ ಕುದಿಸಿ, ರಾತ್ರಿ ತಣಿಯಲು ಬಿಟ್ಟು, ಅಡಿಯ ಎರಡು ಬೆರಳು ನೀರು ಬಿಟ್ಟು ಮೇಲಿನದ್ದನ್ನು ಬಗ್ಗಿಸಿಕೊಳ್ಳಿ. ಕುದಿಸಿದಾಗ ಕೂರುವ ಸುಣ್ಣ ಪಾತ್ರೆಯಲ್ಲೇ ಕೂತಿರ್ತದೆ, ತಿಕ್ಕಬಹುದು. ಆಗ ತಿಂಗಳಿಗೊಮ್ಮೆ ಬೇಕಾದ ಹುಳಿ ಸ್ನಾನ ಮೂರು ತಿಂಗಳಿಗೊಮ್ಮೆ ಸಾಕು.

ಕುಮಟಾದ ಮಗಳು

ಮಾಸ್ತರೆ, ಅದಕ್ಕಿಂತ ಸುಲಭದ್ದು ಅಪ್ಪನೇ ಹೇಳಿದರು. ಬಾವಿ ಬತ್ತಿಲ್ಲ, ಪಂಪಿಗೆ ಎಟುಕೋದಿಲ್ಲ ಅಷ್ಟೇ. ಹಗ್ಗಕ್ಕೆ ಹತ್ತು ಅಡಿ ಉದ್ದ ಸೇರಿಸಿದೆವು. ಸಂಜೆ ತಮ್ಮ ಒಂದು ಕೊಡಪಾನ ಸೇದಿ ಅಡುಗೆಮನೆಯಲ್ಲಿ ಇಡ್ತಾನೆ, ಅದರಲ್ಲಿ ಕಾಫಿಯೂ ಆಯ್ತು, ಬೇಳೆಯೂ ಬೆಂದಿತು. ಅಂಗಡಿಯವರ ಹತ್ತಿರ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ.

ಇವತ್ತು ಬೆಳಿಗ್ಗೆ ನನಗೆ ಎಚ್ಚರ ಆದದ್ದು ಗುಳುಗುಳು ಸದ್ದಿಗೆ. ಮಲಗಿದಲ್ಲೇ ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಲೋಟ ಇಟ್ಟ ಸದ್ದು, ಆಮೇಲೆ ಜಗುಲಿಯ ಕುರ್ಚಿ ಎಳೆದ ಸದ್ದು.